ಸುಳಿ ನೋಡಿ ಕೊಳ್ಳುವ ಕಾರು

ತಿರುಮಣಿಗೆ ಬೆಳಗಿನ ಹೊತ್ತು ಬರಬೇಕು. ಪಾವಗಡ ತಾಲ್ಲೂಕಿನ ಬಿಸಿಲಿಗೆ ಏಳು ಗಂಟೆಗೇ ಹಲ್ಲು ಮೂಡಿರುತ್ತದೆ. ಒಂದು ಕಾಲಕ್ಕೆ ಕಡಲೆಕಾಯಿ ಗಿಡ ಹಬ್ಬಿದ್ದ ಹೊಲಗಳ ಮೇಲೆ ಈಗ ನೀಲಿ ಫಲಕಗಳು ಕಣ್ಣು ಹಾಯುವಷ್ಟು ದೂರವೂ ಸಾಲಾಗಿ ಮಲಗಿವೆ. ತಂತಿಬೇಲಿಯ ಆಚೆ ಎಲ್ಲೋ ಒಂದು ಯಂತ್ರ ಜೇನ್ನೊಣದ ಹಾಗೆ ಗುಂಯ್ಗುಡುತ್ತದೆ. ಈಚೆ ಟೀ ಅಂಗಡಿಯಲ್ಲಿ ಬೋಂಡದ ಎಣ್ಣೆ ಚುರುಗುಟ್ಟುತ್ತದೆ, ಬೆಂಚಿನ ಮೇಲಿನ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ.

ಅಂಗಡಿಯ ಪಕ್ಕ, ಬೇವಿನ ಮರದ ನೆರಳಲ್ಲಿ ಒಂದು ಬಿಳಿ ಕಾರು ನಿಂತಿದೆ. ರಾತ್ರಿಯೇ ತೊಳೆದದ್ದಿರಬೇಕು, ಚಕ್ರದ ಸಂದಿನ ಕೆಮ್ಮಣ್ಣು ಮಾತ್ರ ಬಿಟ್ಟಿಲ್ಲ. ನಂಬರು ಎಪಿ 39. ಗಡಿ ಇಲ್ಲಿಂದ ಕೂಗಳತೆಯಲ್ಲಿದೆ. ಕೊಳ್ಳಲು ಬಂದ ಅಜ್ಜ ಹೆಗಲ ಟವೆಲ್ಲು ಸರಿಮಾಡಿಕೊಂಡು ಗಾಡಿಗೆ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಅಂಚು ಸವರಿದರು, ಬಾಗಿಲನ್ನು ಎರಡು ಸಲ ತೆಗೆದು ಬಡಿದು ಸದ್ದು ಕೇಳಿಸಿಕೊಂಡರು, ಬಗ್ಗಿ ಹೊಟ್ಟೆಯಡಿ ಇಣುಕಿದರು. ಪರಿಷೆಯಲ್ಲಿ ಹೋರಿಯ ಹಲ್ಲು ಹಿಡಿದು, ಸುಳಿ ನೋಡುವ ಕಣ್ಣು ಅದು.

‘ತಾತ, ಸಿಂಗಲ್ ಓನರ್ ಗಾಡಿ. ಟಯರು ಇನ್ನೂ ಎಂಟಾಣೆ ಐತೆ’ ಅಂದ ದಲ್ಲಾಳಿ ಹುಡುಗ.

‘ಟಯರಿರ್ಲಿ ಕಣಪ್ಪ, ಎಲ್ಲಾದ್ರೂ ಗುದ್ದೈತಾ ಹೇಳು.’

ಹುಡುಗ ನಕ್ಕು ಕಾಗದದ ಕಂತೆ ಬಿಚ್ಚಿದ. ಆರ್‌ಸಿ, ಇನ್ಶೂರೆನ್ಸು, ಬ್ಯಾಂಕಿನ ಸಾಲ ತೀರಿದ ಪತ್ರ. ಇನ್ನು ಆಂಧ್ರದ ಎನ್‌ಓಸಿ ಬರಬೇಕು, ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು, ಆಮೇಲೆ ಮಧುಗಿರಿ ಕಚೇರಿಯಲ್ಲಿ ಕೆಎ 64 ಅಂತ ಹೊಸ ನಂಬರು. ಹಳೇ ಗಾಡಿ ಮಾರುವವರು ಆರ್‌ಟಿಓದಲ್ಲಿ ನೋಂದಾಯಿಸಿಕೊಂಡು ಅಧಿಕಾರಪತ್ರ ಪಡೆದಿರಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಇದೆ. ಕಂತೆಯಲ್ಲಿ ಆ ಹಾಳೆ ನನ್ನ ಕಣ್ಣಿಗೆ ಬೀಳಲಿಲ್ಲ. ಅಜ್ಜನೂ ಕೇಳಲಿಲ್ಲ.

ಈ ಫಲಕಗಳಿಗೆ ಜಮೀನು ಎಷ್ಟು ಕೊಟ್ಟಿದ್ದೀರಿ ಎಂದು ಅಜ್ಜನನ್ನು ಕೇಳಿದೆ. ಬೆರಳು ಬೇಲಿಯ ಕಡೆ ಹೋಯಿತು, ಬಾಯಿ ಬಿಡಲಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿದ ಸೌರ ಪಾರ್ಕು ಇದೇ. ಮಳೆ ಬಂದರೂ ಬಾರದಿದ್ದರೂ ಬರುವ ಈ ದುಡ್ಡು ಹೆಚ್ಚು ಜಮೀನಿದ್ದವರ ಮನೆಗೆ ಹೆಚ್ಚು ಬಂತು. ಜಮೀನೇ ಇಲ್ಲದೆ ಕಡಲೆಕಾಯಿ ಕೀಳಲು ಹೋಗುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕಾರಿನ ಸುತ್ತ ನಿಂತವರಲ್ಲಿ ಅವರ ಮನೆಯವರು ಯಾರೂ ಇದ್ದಂತೆ ಕಾಣಲಿಲ್ಲ.

ದೇಶದಲ್ಲಿ ಎಷ್ಟು ಗಾಡಿ ಮಾರಾಟವಾದವು ಎಂದು ಎಣಿಸುವವರೂ ಇದ್ದಾರೆ. ದಿಲ್ಲಿಯಲ್ಲಿ ವಾಹನ ಮಾರಾಟಗಾರರ ಒಕ್ಕೂಟವೊಂದಿದೆ. 1964ರಲ್ಲಿ ಹುಟ್ಟಿದ್ದು, ಹೆಸರು ಫಾಡಾ. ಏಪ್ರಿಲ್ ಬಂತೆಂದರೆ ಅದು ಕಳೆದ ವರ್ಷದ ಲೆಕ್ಕ ಒಪ್ಪಿಸುತ್ತದೆ. 2024-25ರಲ್ಲಿ ಸುಮಾರು 2.61 ಕೋಟಿ ಗಾಡಿ, ಅದರಲ್ಲಿ ಕಾರು ನಲವತ್ತೊಂದೂವರೆ ಲಕ್ಷ. ಟ್ರ್ಯಾಕ್ಟರ್ ಮಾತ್ರ ಹಿಂದಿನ ವರ್ಷಕ್ಕಿಂತ ಒಂದು ಪರ್ಸೆಂಟಿನಷ್ಟು ಇಳಿಕೆ. ಒಕ್ಕೂಟದ ಆ ವರ್ಷದ ದೊಡ್ಡ ಗೋಳು ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದ ಸ್ಟಾಕಿನದು. 21 ದಿನದ ಸರಕು ಸಾಕು ಎಂದು ಕಂಪನಿಗಳಿಗೆ ಹೇಳುತ್ತಲೇ ಬಂದರೂ 2024ರ ಅಕ್ಟೋಬರಿನ ಹೊತ್ತಿಗೆ ಡೀಲರುಗಳ ಬಳಿ 80ರಿಂದ 85 ದಿನಕ್ಕಾಗುವಷ್ಟು ಕಾರು ಬಿದ್ದಿದ್ದವು, ಬೆಲೆ 79,000 ಕೋಟಿ. ಸಾಲದ ಬಡ್ಡಿ ಡೀಲರನದೇ.

ಆ ಲೆಕ್ಕ ಹೊಸ ಗಾಡಿಗಳದು. ಬೇವಿನ ಮರದಡಿಯ ಈ ಬಿಳಿ ಕಾರು ಒಮ್ಮೆ ಯಾವುದೋ ವರ್ಷದಲ್ಲಿ ಎಣಿಕೆಯಾಗಿ ಮುಗಿದಿದೆ. ಹಾಗೆಂದು ದಿಲ್ಲಿಯ ಸುದ್ದಿ ಇಲ್ಲಿಗೆ ಮುಟ್ಟುವುದಿಲ್ಲ ಅನ್ನಬೇಡಿ. ಬೈಕಿನ ಜಿಎಸ್‌ಟಿ ಇಳಿಸಿ ಎಂದು ಒಕ್ಕೂಟ ವರ್ಷಗಳಿಂದ ಕೇಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಾಮಾನ್ಯ ಬೈಕಿಗೂ ಚಿಕ್ಕ ಕಾರಿಗೂ 28ರಿಂದ 18ಕ್ಕೆ, ಟ್ರ್ಯಾಕ್ಟರಿಗೆ 12ರಿಂದ 5ಕ್ಕೆ ಇಳಿಯಿತು. ಅಜ್ಜನ ಜೊತೆ ಬಂದು ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದ ಮೊಮ್ಮಗ ತಲೆಯೆತ್ತಿ ಅಂದ:

‘ಹೊಸದರ ರೇಟೇ ಇಳಿದೈತಲ್ಲಣ್ಣ, ನೀನ್ಯಾಕೆ ಹಳೇ ರೇಟು ಹೇಳ್ತಿ?’

ದಲ್ಲಾಳಿಯ ಮುಖ ಸಣ್ಣಗಾಯಿತು. ಟೀ ಹೇಳಿದ, ಕುಡಿಯಲಿಲ್ಲ. ಅಜ್ಜ ಹೆಗಲ ಟವೆಲ್ಲು ತೆಗೆದು ದಲ್ಲಾಳಿ ಹುಡುಗನ ಅಂಗೈ ಮೇಲೆ ಹೊದಿಸಿ, ಕೆಳಗೆ ತಮ್ಮ ಕೈ ತೂರಿಸಿದರು. ಜಾತ್ರೆಗಳಲ್ಲಿ ದನದ ವ್ಯಾಪಾರ ಮುಗಿಯುತ್ತಿದ್ದದ್ದು ಹೀಗೆ, ಬೆರಳಿನಲ್ಲಿ. ಹುಡುಗನಿಗೆ ಆ ಭಾಷೆ ಬಾರದು. ‘ತಾತ, ಬಾಯಲ್ಲೇ ಹೇಳು’ ಅಂತ ಗೋಗರೆದ. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದರು. ಟವೆಲ್ಲಿನಡಿ ಬೆರಳುಗಳು ಇನ್ನೂ ಮಿಸುಕುತ್ತಿದ್ದವು.