ಕಬಡ್ಡಿ ಕ್ರೂರವಾಗುತ್ತಿದೆಯೆ?

ಹಿಂದಿನ ಕಾಲದ ಆಟಗಳು ಸೌಮ್ಯವಾಗಿದ್ದವು, ಇಂದಿನವು ಉಗ್ರವಾಗಿವೆ ಎಂದು ಕೆಲವರು ಹೇಳುವರು. ಹಿಂದಿನವರೇ ಗಟ್ಟಿಗರು, ಇಂದಿನವರು ಮೆತ್ತೆಯ ಮೇಲೆ ಹೊರಳುವ ಸುಕುಮಾರರು ಎಂದು ಮತ್ತೆ ಕೆಲವರು ಹೇಳುವರು. ಎರಡು ಮಾತುಗಳನ್ನೂ ಊರಿನ ಒಂದೇ ಕಟ್ಟೆಯ ಮೇಲೆ ಕೇಳಬಹುದು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ವಾದಕ್ಕೆ ಹೊಸ ಕಾವು ಬಂದಿದೆ. ದಾಳಿಗಾರನನ್ನು ನಾಲ್ವರು ಕೂಡಿ ಎತ್ತಿ ಕೆಡವುವ ದೃಶ್ಯವನ್ನು ದೂರದರ್ಶನದ ತೆರೆಯ ಮೇಲೆ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುವಾಗ ನೋಡುವವರ ಎದೆ ಝಲ್ಲೆನ್ನುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಶಾಲಾ ಬಯಲುಗಳಲ್ಲಿ ಆಡುವ ಮಕ್ಕಳು ಆ ಹಿಡಿತಗಳನ್ನೇ ಅನುಕರಿಸುವರು. ಆದುದರಿಂದ ಈ ಪ್ರಶ್ನೆ ಬರಿಯ ಹರಟೆಯದಲ್ಲ. ನಮ್ಮ ವಿದ್ಯಾರ್ಥಿಗಳ ಮೊಣಕಾಲು, ಕತ್ತು, ತಲೆಗಳಿಗೆ ಸಂಬಂಧಿಸಿದ್ದು.

ವಿಜ್ಞಾನದ ವಿದ್ಯಾರ್ಥಿ ಇಂಥ ವಾದಕ್ಕಿಳಿಯುವ ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಇಲ್ಲಿ ಒಂದಲ್ಲ, ಎರಡು ಪ್ರಶ್ನೆಗಳಿವೆ. ಆಟದಲ್ಲಿ ಸಂಭವಿಸುವ ಡಿಕ್ಕಿಗಳ ಬಿರುಸು ಹೆಚ್ಚಿದೆಯೆ ಎಂಬುದು ಮೊದಲನೆಯದು. ಅವುಗಳಿಂದ ದೇಹಕ್ಕಾಗುವ ಹಾನಿ ಹೆಚ್ಚಿದೆಯೆ ಎಂಬುದು ಎರಡನೆಯದು. ಇವೆರಡೂ ಜೊತೆಜೊತೆಯಾಗಿಯೇ ಏರಿಳಿಯಬೇಕೆಂಬ ನಿಯಮವೇನೂ ಇಲ್ಲ.

ಬಿರುಸನ್ನು ಮೊದಲು ನೋಡೋಣ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು ಎಂಬುದು ವಾಚಕರಿಗೆ ತಿಳಿದದ್ದೇ. 70 ಕಿಲೋಗ್ರಾಮ್ ತೂಕದ ಆಟಗಾರನೊಬ್ಬ ಸೆಕೆಂಡಿಗೆ 5 ಮೀಟರ್ ವೇಗದಿಂದ ನುಗ್ಗುತ್ತಾನೆಂದು ಭಾವಿಸೋಣ. ಅವನ ಚಲನಶಕ್ತಿ 875 ಜೂಲ್. ಇನ್ನೊಬ್ಬನು 80 ಕಿಲೋಗ್ರಾಮ್ ತೂಗುತ್ತಾನೆ, ಸೆಕೆಂಡಿಗೆ 6 ಮೀಟರ್ ವೇಗದಿಂದ ಬರುತ್ತಾನೆ. ಇವನ ಚಲನಶಕ್ತಿ 1440 ಜೂಲ್. ತೂಕ ಹೆಚ್ಚಿದ್ದು ನೂರಕ್ಕೆ ಹದಿನಾಲ್ಕರಷ್ಟು, ವೇಗ ಹೆಚ್ಚಿದ್ದು ಇಪ್ಪತ್ತರಷ್ಟು. ಆದರೆ ಶಕ್ತಿ ಹೆಚ್ಚಿದ್ದು ಸುಮಾರು ಅರವತ್ತೈದರಷ್ಟು! ವರ್ಷವಿಡೀ ವ್ಯಾಯಾಮ, ಲೆಕ್ಕಹಾಕಿದ ಆಹಾರ, ತರಬೇತುದಾರರ ಕಣ್ಗಾವಲು, ಇವುಗಳಲ್ಲಿ ಬೆಳೆದ ಇಂದಿನ ವೃತ್ತಿಪರ ಆಟಗಾರ ಹವ್ಯಾಸಿಗಿಂತ ಸ್ವಲ್ಪವೇ ದಪ್ಪ, ಸ್ವಲ್ಪವೇ ಚುರುಕು ಎಂದರೂ ಡಿಕ್ಕಿಯ ಬಿರುಸು ಬಹಳ ಏರುತ್ತದೆ.

ಡಿಕ್ಕಿಗಳ ಸಂಖ್ಯೆಯನ್ನೂ ನಿಯಮಗಳು ನಿರ್ಧರಿಸುತ್ತವೆ. ಒಂದು ದಾಳಿಗೆ 30 ಸೆಕೆಂಡು. ಸತತವಾಗಿ ಎರಡು ದಾಳಿಗಳಲ್ಲಿ ಅಂಕ ಬಾರದಿದ್ದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಹೊರಬೀಳುವನು. ಮುಟ್ಟಿದಂತೆ ನಟಿಸಿ ಹಿಂದಿರುಗುವ ಉಪಾಯ ಅಲ್ಲಿ ಸಲ್ಲದು, ಮುಖಾಮುಖಿ ಆಗಲೇಬೇಕು. ಪ್ರೇಕ್ಷಕರಿಗೆ ಬೇಸರವಾಗದಂತೆ ಆಟವನ್ನು ಬಿಗಿಗೊಳಿಸಿದಷ್ಟೂ ಸೆಣಸಾಟ ಹೆಚ್ಚುತ್ತದೆ.

ಹಾಗಾದರೆ ನಿಯಮಗಳೆಲ್ಲ ಉಗ್ರತೆಯ ಪಕ್ಷಪಾತಿಗಳೆ? ಅಲ್ಲ. ದಾಳಿಗಾರನ ಬಾಯಿ ಮುಚ್ಚುವುದು, ಕುತ್ತಿಗೆ ಹಿಸುಕುವುದು, ಕಾಲುಗಳಿಂದ ಕತ್ತರಿ ಹಾಕುವುದು, ಗಾಯವಾಗುವಂತೆ ಕೆಡವುವುದು ನಿಷಿದ್ಧ. ಉಗುರು ಕತ್ತರಿಸಿರಬೇಕು, ಮೈಗೆ ಎಣ್ಣೆ ಹಚ್ಚಬಾರದು. ತೂಕಕ್ಕೂ ಮಿತಿಯುಂಟು. ಸಮಬಲರನ್ನು ಎದುರುಬದುರು ನಿಲ್ಲಿಸುವ ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ಚಿಂಚೋಳಿಗೆ ದೂರವಲ್ಲದ ಕಲ್ಯಾಣದಿಂದ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ; ಅಲ್ಲಿ ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಲಾಗಿದೆ.

ಇನ್ನು ಹಾನಿಯ ಪ್ರಶ್ನೆ. ಡಿಕ್ಕಿಯ ಶಕ್ತಿ ಎಷ್ಟೆಂಬುದಕ್ಕಿಂತ, ಅದು ಎಷ್ಟು ದೂರದಲ್ಲಿ ಕರಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಆಟಗಾರನ ತಲೆ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬೀಳುತ್ತದೆಂದು ಸರಳವಾಗಿ ಊಹಿಸಿರಿ. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 5.4 ಮೀಟರ್. ಬಿದ್ದ ಎತ್ತರವನ್ನು ನಿಲ್ಲಲು ಹಿಡಿದ ದೂರದಿಂದ ಭಾಗಿಸಿದರೆ, ತಲೆಯ ವೇಗ ಇಳಿಯುವ ಸರಾಸರಿ ದರ ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಶಹಾಬಾದ್ ಕಲ್ಲಿನ ಹಾಸು ಒಂದಿಷ್ಟೂ ತಗ್ಗದು. ತಲೆಯ ಚರ್ಮವೇ ಅರ್ಧ ಸೆಂಟಿಮೀಟರ್ ಕುಗ್ಗಿತೆಂದರೆ ಆ ಪ್ರಮಾಣ 300 ಪಟ್ಟು. ಬೇಸಿಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾದ ಎರೆ ನೆಲದ ಮೇಲೆ ಒಟ್ಟು ಒಂದು ಸೆಂಟಿಮೀಟರ್ ತಗ್ಗಿದರೆ 150 ಪಟ್ಟು. ಅಗೆದು ಹದಮಾಡಿದ ಮಣ್ಣಿನಲ್ಲಾಗಲಿ ಒಳ್ಳೆಯ ಮ್ಯಾಟಿನ ಮೇಲಾಗಲಿ ಮೂರು ಸೆಂಟಿಮೀಟರ್ ದೊರೆತರೆ 50 ಪಟ್ಟು. ಬಿದ್ದವನು ಅವನೇ, ಎತ್ತರವೂ ಅದೇ. ನೆಲ ಬದಲಾದುದರಿಂದ ಪೆಟ್ಟು ಆರರಲ್ಲಿ ಒಂದು ಪಾಲಿಗಿಳಿಯಿತು! ತಾಲೀಮಿನ ಉಸ್ತಾದರು ಕುಸ್ತಿಯ ಕಣದ ಮಣ್ಣನ್ನು ಅಗೆಸಿ ಎಣ್ಣೆ, ಮಜ್ಜಿಗೆ ಬೆರೆಸಿ ಮೆದುವಾಗಿಡುತ್ತಿದ್ದುದು ಈ ತತ್ತ್ವದ ಅನುಭವದಿಂದಲೇ.

ಹಾಗೆಂದು ಮ್ಯಾಟು ಬಂದಿತು, ಅಪಾಯ ಹೋಯಿತು ಎನ್ನುವಂತಿಲ್ಲ. ಮಣ್ಣಿನ ಮೇಲೆ ಬರಿಗಾಲು ಸ್ವಲ್ಪ ಜಾರುತ್ತದೆ. ಮ್ಯಾಟಿನ ಮೇಲೆ ರಬ್ಬರ್ ಅಟ್ಟೆಯ ಬೂಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಘರ್ಷಣೆ ಹೆಚ್ಚಿದಷ್ಟೂ ಆಟಗಾರ ಬೇಗನೆ ವೇಗ ಪಡೆಯಬಲ್ಲನು, ಥಟ್ಟನೆ ತಿರುಗಬಲ್ಲನು. ಆದರೆ ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗಲೇ ಎದುರಾಳಿಗಳು ಮುಂಡವನ್ನು ತಿರುಚಿದರೆ ಆ ತಿರುಚನ್ನೆಲ್ಲ ಮೊಣಕಾಲೇ ಹೊರಬೇಕು. ಅದರೊಳಗಿನ ಅಸ್ಥಿರಜ್ಜು ಹರಿಯುವುದು ಹೀಗೆ. ಒಂದು ಅಪಾಯವನ್ನು ತಗ್ಗಿಸಿದ ಸಾಧನ ಇನ್ನೊಂದಕ್ಕೆ ಎಡೆಮಾಡಿತು.

ರಕ್ಷಣೆಯ ಸಾಧನವೇ ಅಪಾಯಕ್ಕೆ ದಾರಿಯಾದ ಕಥೆಯನ್ನು ತಿಳಿಯಬೇಕಾದರೆ ಅಮೆರಿಕದ ಫುಟ್‌ಬಾಲಿನತ್ತ ತಿರುಗಬೇಕು. ಅದು ನಾವು ಕಾಲಿನಿಂದ ಒದೆಯುವ ಆಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವವನನ್ನು ಮೈಯಿಂದ ಹಾಯ್ದು ಕೆಡವುವ ಆಟ. 1905ರ ಒಂದೇ ಋತುವಿನಲ್ಲಿ ಸುಮಾರು 18 ಯುವಕರು ಅದರಲ್ಲಿ ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟರು ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಎಚ್ಚರಿಸಿದರು. ಮರುವರ್ಷ ನಿಯಮಗಳು ಬದಲಾದವು. ಮುಂದೆ ಗಟ್ಟಿಯಾದ ಶಿರಸ್ತ್ರಾಣಗಳು ಬಂದವು. ವೃತ್ತಿಪರ ಲೀಗು 1943ರಲ್ಲಿ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ತಲೆಬುರುಡೆಗೆ ರಕ್ಷಣೆ ದೊರೆಯಿತು. ಆದರೆ ತಲೆಗೆ ಕವಚ ಬಂದೊಡನೆ ತಲೆಯನ್ನೇ ಆಯುಧವಾಗಿಸಿಕೊಂಡು ಹಾಯುವ ಚಾಳಿಯೂ ಬೆಳೆಯಿತು. 1968ರಲ್ಲಿ ಶಾಲೆಯಿಂದ ವೃತ್ತಿಪರರವರೆಗೆ ಎಲ್ಲ ಹಂತಗಳನ್ನು ಸೇರಿಸಿ 36 ಮಂದಿ ಆಟದ ಪೆಟ್ಟಿನಿಂದ ಮಡಿದರು. 1976ರಲ್ಲಿ ಶಾಲಾ ಕಾಲೇಜುಗಳ ಆಟದಲ್ಲಿ ತಲೆ ಮುಂದೆಮಾಡಿ ಹಾಯುವುದನ್ನು ನಿಷೇಧಿಸಲಾಯಿತು. ಶಿರಸ್ತ್ರಾಣದ ಗುಣಮಟ್ಟವೂ ಸುಧಾರಿಸಿತು. 1990ರಲ್ಲಿ ಅಂಥ ಸಾವು ಒಂದೂ ಸಂಭವಿಸಲಿಲ್ಲ. ಈ ಅವಧಿಯಲ್ಲಿ ಆಟಗಾರರ ತೂಕ ಹೆಚ್ಚುತ್ತಲೇ ಇತ್ತು. ಬಿರುಸು ಏರಿದರೂ ಸಾವು ಇಳಿಯಿತು.

ಆದರೂ ಕಥೆ ಮುಗಿಯಲಿಲ್ಲ. 2002ರಲ್ಲಿ ವೈದ್ಯ ಬೆನೆಟ್ ಒಮಾಲು ಅವರು ಮೈಕ್ ವೆಬ್‌ಸ್ಟರ್ ಎಂಬ ಮೃತ ಆಟಗಾರನ ಮಿದುಳನ್ನು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟುಗಳು ಅದರಲ್ಲಿ ಉಳಿಸಿದ್ದ ಕುರುಹುಗಳನ್ನು ಕಂಡರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೃತ್ತಿಪರ ಲೀಗಿನ 111 ಆಟಗಾರರ ಮಿದುಳುಗಳ ಪೈಕಿ 110ರಲ್ಲಿ ಈ ರೋಗ ಕಂಡುಬಂದಿತು. ಅವು ಕುಟುಂಬದವರು ದಾನವಾಗಿ ಕೊಟ್ಟವು. ರೋಗದ ಶಂಕೆಯಿದ್ದವರೇ ಹೆಚ್ಚಾಗಿ ಕೊಡುವುದು ಸಹಜವಾದುದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಅನ್ವಯಿಸದು. ಆದರೆ ಕಣ್ಣಿಗೆ ಕಾಣದ ಹಾನಿಯೂ ಹಾನಿಯೇ ಎಂಬುದನ್ನು ಇದು ತಿಳಿಸಿತು. ಶಿರಸ್ತ್ರಾಣ ಬುರುಡೆಯನ್ನು ಕಾಯಬಲ್ಲದು. ಅದರೊಳಗೆ ದ್ರವದಲ್ಲಿ ತೇಲುವ ಮಿದುಳು ಕುಲುಕುವುದನ್ನು ಪೂರ್ತಿಯಾಗಿ ತಡೆಯಲಾರದು.

ಈ ಕುಲುಕು ನಮ್ಮ ಬಯಲಿನಲ್ಲಿಯೂ ಸಂಭವಿಸುತ್ತದೆ. ಇಬ್ಬರು ರಕ್ಷಕರು ಒಂದೇ ಕಾಲಿಗೆ ಎರಗಿ ತಲೆಗೆ ತಲೆ ತಾಗಿಸಿಕೊಳ್ಳುವರು. ದಾಳಿಗಾರನ ಮೊಣಕಾಲು ರಕ್ಷಕನ ಕಪೋಲಕ್ಕೆ ಬಡಿಯುವುದು. ಮುಖಕ್ಕೆ ನೀರು ಚಿಮುಕಿಸಿ ‘ಏನೂ ಆಗಿಲ್ಲ, ಏಳು’ ಎಂದು ಮತ್ತೆ ಕಣಕ್ಕಿಳಿಸುವ ವಾಡಿಕೆ ನಮ್ಮಲ್ಲಿದೆ. ಇದು ಧೈರ್ಯವಲ್ಲ, ಅಜ್ಞಾನ. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಿರಬಹುದು. ತಲೆನೋವು, ತಲೆಸುತ್ತು, ವಾಂತಿ, ಮಬ್ಬಾದ ನೋಟ, ಅಂಕ ಎಷ್ಟೆಂಬುದೇ ಮರೆಯುವುದು, ಇವುಗಳಲ್ಲಿ ಯಾವುದು ಕಂಡರೂ ಅಂದು ಆಡಬಾರದು. ವೈದ್ಯರು ಒಪ್ಪುವವರೆಗೆ ಮರಳಿ ಆಡಬಾರದು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಹಾಗಾದರೆ ಕಬಡ್ಡಿ ಕ್ರೂರವಾಗಿದೆಯೆ? ಮೇಲುಮಟ್ಟದ ಆಟ ಹೆಚ್ಚು ಬಿರುಸಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾನಿಯನ್ನು ನಿರ್ಧರಿಸುವುದು ನೆಲ, ನಿಯಮ ಮತ್ತು ಅಭ್ಯಾಸ. ತೆರೆಯ ಮೇಲಿನ ಹಿಡಿತವನ್ನು ಮ್ಯಾಟಿಲ್ಲದ ಗಟ್ಟಿ ನೆಲದ ಮೇಲೆ, ತರಬೇತಿಯಿಲ್ಲದ ಮೈಯಿಂದ ಅನುಕರಿಸುವ ಹುಡುಗನಿಗೆ ವೃತ್ತಿಪರನಿಗಿಂತ ಹೆಚ್ಚಿನ ಅಪಾಯವಿರಬಹುದು. ಇದಕ್ಕೆ ದುಬಾರಿ ಪರಿಹಾರವೇನೂ ಬೇಕಿಲ್ಲ. ಕಬಡ್ಡಿಯ ನಿಯಮಗಳೇ ಅಂಕಣವು ಮಣ್ಣು, ಗೊಬ್ಬರ, ಮರದ ಹೊಟ್ಟು ಸೇರಿದ ಮೆದುನೆಲವಾಗಿರಲಿ ಎನ್ನುತ್ತವೆ. 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗವನ್ನು ಅಗೆದು ಕಲ್ಲು ಆಯುವುದು ಒಂದು ತರಗತಿಯ ವಿದ್ಯಾರ್ಥಿಗಳಿಗೆ ಅಸಾಧ್ಯವಲ್ಲ.

ಜೊತೆಗೆ ಒಂದು ಪುಸ್ತಕವಿಡಿರಿ. ತಂಡಕ್ಕೆ ಏಳರಂತೆ ಹತ್ತು ಪಂದ್ಯವಾದರೆ 140 ಆಟಗಾರ-ಪಂದ್ಯಗಳಾದುವು. ಅವುಗಳಲ್ಲಿ ಎಷ್ಟು ಗಾಯ, ದೇಹದ ಯಾವ ಭಾಗಕ್ಕೆ, ಯಾವ ನೆಲದ ಮೇಲೆ ಎಂದು ಬರೆಯುತ್ತ ಹೋಗಿರಿ. ನಾಲ್ಕಾರು ವರ್ಷಗಳ ಬಳಿಕ ಆಟ ಕೆಟ್ಟಿತೆ, ಸುಧಾರಿಸಿತೆ ಎಂಬ ವಾದ ಕಟ್ಟೆಯ ಮೇಲೆದ್ದಾಗ ನಿಮ್ಮ ಕೈಯಲ್ಲಿ ಲೆಕ್ಕವಿರುತ್ತದೆ.