ಚೆನ್ನಮ್ಮನಿಗೆ ಈ ಉಡುಪು ತೊಡಿಸಿದವರು ಯಾರು?

ನವೆಂಬರ್ ಒಂದು ಹತ್ತಿರವಾದಂತೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ವೇಷಭೂಷಣ ಸ್ಪರ್ಧೆಯ ಗದ್ದಲ ಶುರುವಾಗುತ್ತದೆ. ಹುಡುಗಿಯರಿಗೆ ಮೊದಲು ನೆನಪಾಗುವುದು ಕಿತ್ತೂರು ರಾಣಿ ಚೆನ್ನಮ್ಮ. ಕಚ್ಚೆ ಸೀರೆ, ಸೊಂಟಕ್ಕೆ ಪಟ್ಟಿ, ತಲೆಗೊಂದು ಕಿರೀಟ, ಕೈಯಲ್ಲಿ ಬೇಗಡೆ ಅಂಟಿಸಿದ ರಟ್ಟಿನ ಕತ್ತಿ. ಇಷ್ಟಿದ್ದರೆ ಸಾಕು, ವೇದಿಕೆಯ ಮೇಲೆ ನಿಂತ ಮಗು ಯಾರೆಂದು ಯಾರೂ ಕೇಳುವುದಿಲ್ಲ.

ಆದರೆ ಈ ಉಡುಪು ಬಂದದ್ದೆಲ್ಲಿಂದ? ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಫ್ರಾನ್ಸಿನ ಡಾಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ತೋರಿಸಿದ್ದು 1839ರಲ್ಲಿ. ಹತ್ತು ವರ್ಷಗಳ ಅಂತರ. ಕ್ಯಾಲೆಂಡರಿನಲ್ಲಿ, ಮಕ್ಕಳ ಚಿತ್ರಪುಸ್ತಕದಲ್ಲಿ, ವೃತ್ತಗಳ ಪ್ರತಿಮೆಗಳಲ್ಲಿ ನಾವು ಕಾಣುವ ರಾಣಿ ನಂತರದ ಕಲಾವಿದರ ಕಲ್ಪನೆಯ ಕೂಸು.

ಅಮೆರಿಕದ ಕಾಮಿಕ್ಸ್ ನಾಯಕಿ ವಂಡರ್ ವುಮನ್‌ಳ ವಿಷಯದಲ್ಲಿ ಇಂಥ ಗೊಂದಲವಿಲ್ಲ. ವಿಲಿಯಂ ಮೌಲ್ಟನ್ ಮಾರ್ಸ್ಟನ್ ಕಥೆ ಕಟ್ಟಿದ, ಎಚ್.ಜಿ. ಪೀಟರ್ ಚಿತ್ರ ಬರೆದ. 1941ರಲ್ಲಿ ಆಕೆ ಓದುಗರ ಮುಂದೆ ಬಂದಾಗ ತೊಟ್ಟದ್ದು ಎದೆಯ ಮೇಲೆ ಚಿನ್ನದ ಹದ್ದಿದ್ದ ಕೆಂಪು ಕುಪ್ಪಸ, ನಕ್ಷತ್ರಗಳಿದ್ದ ನೀಲಿ ಲಂಗ. ಲಂಗ ಬಹುಬೇಗ ಚಡ್ಡಿಯಾಯಿತು. 1968ರಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡು ಬಿಳಿ ಉಡುಪು ತೊಟ್ಟಳು. ಮಹಿಳಾವಾದಿಗಳು ಇದನ್ನು ಒಪ್ಪಲಿಲ್ಲ. 1972ರಲ್ಲಿ ಗ್ಲೋರಿಯಾ ಸ್ಟೈನಮ್ ಅವರ 'ಮಿಸ್' ಪತ್ರಿಕೆಯ ಮುಖಪುಟಕ್ಕೆ ಬಂದದ್ದು ಹಳೆಯ ಉಡುಪಿನ ನಾಯಕಿಯೇ. ಮರುವರ್ಷ ಕಥೆಯಲ್ಲೂ ಅದೇ ಮರಳಿತು. 1982ರಲ್ಲಿ ಹದ್ದು ಹೋಗಿ ಇಂಗ್ಲಿಷಿನ 'ಡಬ್ಲ್ಯು' ಅಕ್ಷರ ಜೋಡಿಯಾಗಿ ಬಂತು. 2010ರಲ್ಲಿ ಪ್ಯಾಂಟು ತೊಡಿಸಿದರೆ ಅದು ಹೆಚ್ಚು ದಿನ ಬಾಳಲಿಲ್ಲ. 2016ರಲ್ಲಿ ವಿಶ್ವಸಂಸ್ಥೆ ಆಕೆಯನ್ನು ಗೌರವ ರಾಯಭಾರಿಯಾಗಿಸಿದಾಗ, ಇಂಥ ಅರೆಬರೆ ಉಡುಪಿನವಳು ಹೆಣ್ಣುಮಕ್ಕಳಿಗೆ ಹೇಗೆ ಮಾದರಿ ಎಂಬ ಕೂಗೆದ್ದು ಎರಡೇ ತಿಂಗಳಲ್ಲಿ ಆ ಪಟ್ಟ ಮುಗಿಯಿತು.

ಅಲ್ಲಿ ಪ್ರತಿ ಬದಲಾವಣೆಗೂ ಒಂದು ಇಸವಿ, ಒಂದು ಜಗಳ. ಚೆನ್ನಮ್ಮನ ಉಡುಪು ಬೆಳೆದದ್ದು ಸದ್ದಿಲ್ಲದೆ. ಮೊದಲು ಆಕೆ ಇದ್ದದ್ದು ಲಾವಣಿಕಾರರ ಬಾಯಲ್ಲಿ. ಹಾಡಿನ ರಾಣಿಗೆ ಬಟ್ಟೆಯ ಚಿಂತೆ ಇಲ್ಲ, ನಾಟಕದ ರಾಣಿಗೆ ಉಂಟು. ಕಂಪನಿ ನಾಟಕದ ಪೆಟ್ಟಿಗೆಯಲ್ಲಿ ರಾಣಿಯ ಪಾತ್ರಕ್ಕೆಂದು ಇದ್ದ ಕಿರೀಟ, ಝರಿ, ಮಣಿಸರಗಳೇ ಇವಳಿಗೂ ಒದಗಿರಬೇಕು. ಕಿರೀಟವಂತೂ ರಣರಂಗಕ್ಕಿಂತ ರಂಗಭೂಮಿಗೆ ಹೆಚ್ಚು ಒಪ್ಪುವ ವಸ್ತು.

1960ರ ದಶಕದ ಆರಂಭದಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ರಾಣಿಯಾದರು. ಊರೂರಿನ ಟಾಕೀಸುಗಳಲ್ಲಿ ಜನ ಕಂಡ ಮುಖ ಅದು. ಚಿತ್ರವೇನೋ ಕಪ್ಪು-ಬಿಳುಪು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಹಾಗಾಗಿ ಸೀರೆಯ ಬಣ್ಣ ತುಂಬುವ ಕೆಲಸ ಕ್ಯಾಲೆಂಡರಿನವರ ಪಾಲಿಗೆ ಉಳಿಯಿತು. ಅವರಲ್ಲಿ ಒಬ್ಬರು ಹಸಿರು ಬಳಿದರೆ ಇನ್ನೊಬ್ಬರು ಕೆಂಪು ಬಳಿದರು. 2007ರ ಸೆಪ್ಟೆಂಬರ್ 11ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ಅನಾವರಣ ಮಾಡುವ ಹೊತ್ತಿಗೆ ಕತ್ತಿ ಹಿಡಿದ ಈ ರೂಪ ನಾಡಿನ ಕಣ್ಣಲ್ಲಿ ಗಟ್ಟಿಯಾಗಿತ್ತು.

ಇದರಲ್ಲಿ ಕಳೆದುಹೋದದ್ದೂ ಉಂಟು. ರೂಢಿಯ ಲೆಕ್ಕದಂತೆ ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದ್ದು 1778ರಲ್ಲಿ. ಕಾಕತಿ ಬೆಳಗಾವಿಯಿಂದ ಹುಕ್ಕೇರಿ ಕಡೆಗೆ ಹೊರಟವರಿಗೆ ಹೆದ್ದಾರಿಯಲ್ಲೇ ಸಿಗುವ ಊರು. ಪತಿ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಗುಂಡಿಗೆ ಬಿದ್ದ ದಿನ ರಾಣಿಗೆ ನಲವತ್ತಾರರ ಆಸುಪಾಸು. ಆಕೆ ವಿಧವೆ, ದತ್ತಕದ ಹಕ್ಕಿಗಾಗಿ ಪತ್ರ ಬರೆದು, ವಾದಿಸಿ, ಸೋತ ಮೇಲೆ ಯುದ್ಧಕ್ಕಿಳಿದ ಹಿರಿಯ ಹೆಂಗಸು. ಚಿತ್ರದಲ್ಲಿ ನಟಿಸಿದಾಗ ಸರೋಜಾದೇವಿಯವರಿಗೆ ಇಪ್ಪತ್ತಮೂರರ ಆಸುಪಾಸು. ಕ್ಯಾಲೆಂಡರಿನ ರಾಣಿಗೂ ಅಷ್ಟೇ ವಯಸ್ಸು. ವಯಸ್ಸಾದ ವಿಧವೆಯೊಬ್ಬಳು ದೊಡ್ಡ ಸೈನ್ಯಕ್ಕೆ ಎದುರು ನಿಂತಳೆಂಬ ಸಂಗತಿಯ ಬಿಸಿ ಆಭರಣಗಳ ಹೊಳಪಿನಲ್ಲಿ ಮರೆಯಾಗಿದೆ.

ಇದ್ದುದರಲ್ಲಿ ನಂಬಲರ್ಹವಾದದ್ದು ಕಚ್ಚೆಯೇ. ಸೀರೆಯ ನೆರಿಗೆಯನ್ನು ಕಾಲುಗಳ ನಡುವೆ ಹಾಯಿಸಿ ಹಿಂದೆ ಸಿಕ್ಕಿಸಿದರೆ ಕುದುರೆ ಏರಲೂ ಆದೀತು, ಹೊಲದಲ್ಲಿ ಬಗ್ಗಿ ಕಳೆ ಕೀಳಲೂ ಆದೀತು. ಈ ಭಾಗದ ಹಿರಿಯ ಹೆಂಗಸರು ನಿತ್ಯ ಉಡುತ್ತಿದ್ದ ಬಗೆ ಅದು. ಅದಕ್ಕೆ ಎಂಟೊಂಬತ್ತು ಗಜದ ಸೀರೆ ಬೇಕು. ಈಗಿನ ತಾಯಂದಿರ ಬಳಿ ಇರುವುದು ಐದೂವರೆ ಮೀಟರಿನದು. ಹಾಗಾಗಿ ಸ್ಪರ್ಧೆಯ ಹಿಂದಿನ ದಿನ ಅಜ್ಜಿಯ ಟ್ರಂಕು ತೆರೆಯಬೇಕು, ಇಲ್ಲವೇ ಹೊಲಿದ ಕಚ್ಚೆಯನ್ನು ಬಾಡಿಗೆಗೆ ತರಬೇಕು.

ಅವಸರದಲ್ಲಿ ಕೆಲವರು ಮಗುವಿನ ಬೆನ್ನಿಗೊಂದು ಗೊಂಬೆಯನ್ನೂ ಕಟ್ಟಿ ಕಳಿಸುವುದುಂಟು. ಅದು ಝಾನ್ಸಿ ರಾಣಿಯ ಗುರುತು. ಕಿತ್ತೂರಿನ ಸಮರವಾದ 33 ವರ್ಷಗಳ ಮೇಲೆ, 1857ರ ದಂಗೆಯ ಕಾಲದ ಕಥೆ.