ಹಾಸಿಗೆಯನ್ನು ಕೊಳ್ಳುವ ಮುನ್ನ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ವರಮಾನವನ್ನು ಮೀರಿ ವೆಚ್ಚ ಮಾಡಬಾರದೆಂಬ ವಿವೇಕವನ್ನು ಹೇಳುವ ಈ ಗಾದೆಯಲ್ಲಿ ಹಾಸಿಗೆ ಮೊದಲೇ ನಿಶ್ಚಿತವಾಗಿದೆ, ಹೊಂದಿಕೊಳ್ಳಬೇಕಾದದ್ದು ಕಾಲು. ಆದರೆ ಹಾಸಿಗೆಯನ್ನೇ ಕೊಳ್ಳಲು ಹೊರಟವನು ಈ ಮಾತನ್ನು ತಿರುಗಿಸಿಕೊಳ್ಳಬೇಕು. ಅವನ ಪಾಲಿಗೆ ಕಾಲು, ಬೆನ್ನು, ಹೆಗಲು ಇವೇ ನಿಶ್ಚಿತ, ಹೊಂದಿಕೊಳ್ಳಬೇಕಾದದ್ದು ಹಾಸಿಗೆ. ಇಷ್ಟು ಸರಳವಾದ ಸಂಗತಿಯನ್ನು ಕಲಿಯಲು, 30 ವರ್ಷ ಕಾವ್ಯಮೀಮಾಂಸೆಯ ಪಾಠ ಹೇಳಿದ ನನಗೆ, 87 ವರ್ಷದ ನನ್ನ ತಾಯಿಯೇ ಗುರುವಾಗಬೇಕಾಯಿತು.

ನನ್ನೂರು ಸವದತ್ತಿಯ ಬಳಿಯ ಹೂಲಿ. ಶಾಸನಗಳಲ್ಲಿ ಪೂಲಿ ಎಂದು ಹೆಸರಾದ ಹಳೆಯ ಅಗ್ರಹಾರ. ಪಂಚಲಿಂಗೇಶ್ವರನ ಗುಡಿಯನ್ನು ನೋಡಲು ಇಂದಿಗೂ ದೂರದಿಂದ ಜನ ಬರುತ್ತಾರೆ. ಆದರೆ ನಾನಿಲ್ಲಿ ಹೇಳಹೊರಟಿರುವುದು ಗುಡಿಯ ವಿಷಯವಲ್ಲ, ಸುತ್ತಲಿನ ಎರೆಭೂಮಿ ಕೊಡುವ ಹತ್ತಿಯ ವಿಷಯ. ನನ್ನ ಬಾಲ್ಯದಲ್ಲಿ ಸುಗ್ಗಿ ಮುಗಿದ ಮೇಲೆ ಪಿಂಜಾರರು ಬಿಲ್ಲು ಹೊತ್ತು ಓಣಿಗೆ ಬರುತ್ತಿದ್ದರು. ಹಳೆಯ ಗಾದಿಯ ಹೊಲಿಗೆ ಬಿಚ್ಚಿ, ಗಂಟುಕಟ್ಟಿದ ಅರಳೆಯನ್ನು ಅಂಗಳದಲ್ಲಿ ಸುರುವಿ, ಹೆದೆಯನ್ನು ಮಿಡಿದು ಹಿಂಜುತ್ತಿದ್ದರು. ಹೊಸ ಅರಳೆ ಬೇಕಾದಾಗ ಅವ್ವ ತಂದಿಟ್ಟದ್ದನ್ನು ಅವರು ಒಮ್ಮೆಲೇ ಒಪ್ಪುತ್ತಿರಲಿಲ್ಲ. ಒಂದು ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ, ಅಂಗೈ ತೆರೆದು ನೋಡುತ್ತಿದ್ದರು. ಅರಳೆ ಉಸಿರು ಬಿಟ್ಟಂತೆ ಮೆಲ್ಲನೆ ಮೇಲೆದ್ದರೆ ಅದು ಗಾದಿಗೆ ಯೋಗ್ಯ. ಮುದ್ದೆಯಾಗಿಯೇ ಉಳಿದರೆ ಅಯೋಗ್ಯ.

ಈ ಪರೀಕ್ಷೆಯ ಹಿಂದಿನ ಕಾರಣ ಸ್ವಾರಸ್ಯವಾದದ್ದು. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಹೊರಬಂದ ವರಲಕ್ಷ್ಮಿಯಂಥ ಹತ್ತಿಯ ಎಳೆ ಉದ್ದ, ನವಿರು. ನಯವಾದ ನೂಲಿಗೆ ಅದು ಶ್ರೇಷ್ಠ. ಆದರೆ ಗಾದಿಯೊಳಗೆ ನವಿರಾದ ಎಳೆ ಬೇಗ ಒಂದಕ್ಕೊಂದು ಹೆಣೆದುಕೊಂಡು ಚಪ್ಪಟೆಯಾಗುತ್ತದೆ. ನಮ್ಮ ನಾಡಹತ್ತಿಯ ಗಿಡ್ಡ, ಒರಟು ಎಳೆ ಅದುಮಿದರೂ ಪುಟಿದೇಳುತ್ತದೆ. ಸೀರೆಗೆ ಒಳ್ಳೆಯದೆಲ್ಲ ಹಾಸಿಗೆಗೆ ಒಳ್ಳೆಯದಲ್ಲ. ಯೋಗ್ಯತೆಯೆಂಬುದು ವಸ್ತುವಿನಲ್ಲಿ ಮಾತ್ರವಿಲ್ಲ, ಅದರ ಉಪಯೋಗದಲ್ಲಿಯೂ ಇದೆ.

ಇದನ್ನೆಲ್ಲ ಕಣ್ಣಾರೆ ಕಂಡು ಬೆಳೆದವನೇ ಎಡವಿದೆ. ನಿವೃತ್ತನಾಗಿ ಊರಿಗೆ ಮರಳಿದಾಗ, ಅವ್ವನ ಹಳೆಯ ಗಾದಿಯನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು. ಪಟ್ಟಣದ ಒಂದು ಅಂಗಡಿಯಲ್ಲಿ 10 ಅಂಗುಲ ದಪ್ಪದ, ಕೈಯಿಟ್ಟರೆ ಬೆಣ್ಣೆಯಂತೆ ಇಳಿಯುವ ಹಾಸಿಗೆಯನ್ನು ಕೊಂಡು ತಂದೆ. ಅಂಗಡಿಯವನು ಹೊಗಳಿದ, ನಾನು ನಂಬಿದೆ, ಮಲಗುವವಳನ್ನು ಕೇಳಲಿಲ್ಲ. ನಾಲ್ಕು ದಿನ ಅವ್ವ ಏನೂ ಹೇಳಲಿಲ್ಲ. ಐದನೆಯ ರಾತ್ರಿ ಅವಳ ಕೋಣೆಯಿಂದ ಸಣ್ಣ ದನಿಯಲ್ಲಿ ನನ್ನ ಹೆಸರು ಕೇಳಿಸಿತು. ಹೋಗಿ ನೋಡಿದರೆ, ಹಾಸಿಗೆಯ ಹಳ್ಳದಲ್ಲಿ ಸಿಲುಕಿ, ಮಗ್ಗುಲಾಗಲೂ ಆಗದೆ, ಬಚ್ಚಲಿಗೆ ಹೋಗಲು ನನ್ನನ್ನು ಕರೆಯಬೇಕಾದ ನಾಚಿಕೆಯಿಂದ ಮುಖ ತಿರುಗಿಸಿ ಮಲಗಿದ್ದಳು. "ಮಲಗಾಕ ಚಲೋ ಐತಪಾ, ಏಳಾಕ ಬರವಲ್ದು" ಎಂದಳು. ಅಂದಿನವರೆಗೆ ಯಾರ ಕೈಯನ್ನೂ ಹಿಡಿಯದೆ ಎದ್ದವಳಿಂದ ನನ್ನ ಪ್ರೀತಿಯ ಕಾಣಿಕೆ ಅವಳ ಸ್ವಾತಂತ್ರ್ಯವನ್ನೇ ಕಸಿದುಕೊಂಡಿತ್ತು.

ಮೆತ್ತಗಿನದು ತಪ್ಪೆಂದ ಕೂಡಲೆ ಹಲಗೆಯಂಥ ಗಡಸೇ ಸರಿಯೆಂದು ಭಾವಿಸಬೇಕಾಗಿಲ್ಲ. ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವಿದ್ದ 313 ಜನರನ್ನು 90 ದಿನಗಳವರೆಗೆ ಪರೀಕ್ಷಿಸಿ, 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು: ಗಡಸು ಹಾಸಿಗೆಯವರಿಗಿಂತ ಮಧ್ಯಮ ಗಡಸಿನ ಹಾಸಿಗೆಯವರಿಗೆ ಹೆಚ್ಚು ಉಪಶಮನ ದೊರಕಿತ್ತು. ಹೆಗಲು, ಸೊಂಟದಂಥ ಉಬ್ಬಿದ ಭಾಗಗಳಿಗೆ ತುಸು ಇಳಿಯಲು ಎಡೆ ಕೊಟ್ಟು, ಬೆನ್ನು ಬಾಗದಂತೆ ತಡೆಯುವುದು ಒಳ್ಳೆಯ ಹಾಸಿಗೆಯ ಲಕ್ಷಣ. ಹಸುಗೂಸುಗಳ ವಿಷಯ ಮಾತ್ರ ಬೇರೆ. ಅವಕ್ಕೆ ಸಮತಟ್ಟಾದ, ಗಟ್ಟಿಯಾದ ಹಾಸಿಗೆಯೇ ಕ್ಷೇಮ.

ಇನ್ನು ಒಳಗಿನ ಸರಕನ್ನು ನೋಡುವ ಬಗೆ. ಹತ್ತಿಯ ಗಾದಿಯಾದರೆ ಒಂದು ಮೂಲೆಯ ಹೊಲಿಗೆಯನ್ನು ಬಿಚ್ಚಿಸಿ ನೋಡಿ. ಬಣ್ಣಬಣ್ಣದ ಎಳೆ ಕಂಡರೆ ಅದು ಹಳೆಯ ಚಿಂದಿಯನ್ನು ಹಿಂಜಿದ್ದು. ಒಂದೆರಡು ಎಳೆಗೆ ಬೆಂಕಿ ತಾಗಿಸಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ತೆಂಗಿನ ನಾರಿನದಾದರೆ ಮೊಣಕಾಲೂರಿ ಅದುಮಿ, ಕುಳಿ ಉಳಿಯುತ್ತದೆಯೇ ಎಂದು ನೋಡಿ. ಫೋಮಿನದಾದರೆ ಅಂಗಡಿಯವನು ಡೆನ್ಸಿಟಿ 32, ಡೆನ್ಸಿಟಿ 40 ಎನ್ನುತ್ತಾನೆ. ಅನೇಕರು ಅದನ್ನು ಗಡಸಿನ ಅಳತೆಯೆಂದು ತಿಳಿಯುತ್ತಾರೆ. ಅದು ಒಂದು ಘನಮೀಟರ್ ಫೋಮಿನ ತೂಕ, ಕಿಲೋಗಳಲ್ಲಿ. ಒಂದೇ ಬಗೆಯ ಫೋಮಿನಲ್ಲಿ ಅದು ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಮಾತು ನಿಜವೋ ಸುಳ್ಳೋ ಎಂಬುದನ್ನು ತಕ್ಕಡಿಯೇ ಹೇಳುತ್ತದೆ: 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪದ ಫೋಮು 32ರದಾದರೆ ಸುಮಾರು ಐದೂವರೆ ಕಿಲೋ, 40ರದಾದರೆ ಸುಮಾರು 6.8 ಕಿಲೋ ತೂಗಬೇಕು. ಪದರ ಪದರವಾಗಿ ಕಟ್ಟಿದ ಹಾಸಿಗೆಯಲ್ಲಿ ಯಾವ ಪದರ ಯಾವುದರದು, ಎಷ್ಟು ದಪ್ಪ ಎಂಬುದನ್ನು ಬರೆಸಿಕೊಳ್ಳಿ. ಮೇಲಿನ ಒಂದು ಅಂಗುಲದ ಸೊಗಸು ಕೆಳಗಿನ ಐದು ಅಂಗುಲದ ದೋಷವನ್ನು ಮರೆಸುತ್ತದೆ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಮಲಗಿ ನೋಡುವುದು. ಅದಕ್ಕೆ ಸಂಕೋಚ ಬೇಡ. ನೀವು ನಿತ್ಯ ಮಲಗುವ ಭಂಗಿಯಲ್ಲಿಯೇ ಕಾಲು ಗಂಟೆ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ: ಸಡಿಲವಾಗಿ ಓಡಾಡಿದರೆ ಹಾಸಿಗೆ ಗಡಸು, ತೂರಿಸುವುದೇ ಕಷ್ಟವಾದರೆ ಅತಿ ಮೆತ್ತಗೆ. ಮಗ್ಗುಲಾಗಿ ಮಲಗಿದಾಗ ಬೆನ್ನುಹುರಿ ನೆಟ್ಟಗಿದೆಯೇ ಎಂದು ಜೊತೆಯವರು ನೋಡಲಿ. ಉದ್ದ ನಿಮ್ಮ ಎತ್ತರಕ್ಕಿಂತ ಅರ್ಧ ಅಡಿ ಹೆಚ್ಚಿರಲಿ. ಕೊನೆಗೆ ಅಂಚಿನಲ್ಲಿ ಕುಳಿತು, ಪಾದಗಳನ್ನು ನೆಲಕ್ಕೂರಿ, ಯಾರ ಆಸರೆಯೂ ಇಲ್ಲದೆ ಎದ್ದು ನಿಲ್ಲಿ. ಮನೆಯ ಹಿರಿಯರಿಗಾಗಿ ಕೊಳ್ಳುವುದಾದರೆ ಅವರನ್ನೇ ಕರೆದೊಯ್ಯಿರಿ. ಆಗದಿದ್ದರೆ, ಒಗ್ಗದ ಹಾಸಿಗೆಯನ್ನು ಎಷ್ಟು ದಿನಗಳೊಳಗೆ ಹಿಂದಕ್ಕೆ ಕೊಡಬಹುದೆಂಬುದನ್ನು ಬರಹದಲ್ಲಿ ಪಡೆಯಿರಿ.

ನಮ್ಮ ಓಣಿಗೆ ಈಗ ಬಿಲ್ಲು ಹೊತ್ತವರು ಬರುವುದಿಲ್ಲ. ಅವ್ವನ ಗಾದಿಯ ಅರಳೆಯನ್ನು ಸವದತ್ತಿಗೊಯ್ದು ಯಂತ್ರದಲ್ಲಿ ಹಿಂಜಿಸಿ, ಹೊಸ ಬಟ್ಟೆ ಹೊಲಿಸಿ ತಂದೆ. ಮರುದಿನ ನಸುಕಿನಲ್ಲಿ ಅವಳ ಬಳೆಯ ಸದ್ದಿಗೆ ನನಗೆ ಎಚ್ಚರವಾಯಿತು. ಕರೆದಳೇನೋ ಎಂದು ಗಾಬರಿಯಿಂದ ಹೋದರೆ, ಅವಳಾಗಲೇ ಎದ್ದು ಹಿತ್ತಲ ಬಾಗಿಲನ್ನು ತೆರೆಯುತ್ತಿದ್ದಳು.